ಮಗ್ಗದ ಆ ಕಡೆ ನಿಂತ ಕಾಕಾ

ಕಬನೂರಿನ ಪಾವರ್‌ಲೂಮ್ ಶೆಡ್‌ನ್ಯಾಗ ಮಗ್ಗ ರಿಪೇರಿ ಮಾಡೋ ಕಾಕಾ ಒಬ್ಬ ಇದ್ದ. ಯಾರು ಏನ ಕೇಳಿದ್ರೂ ನಟ್ಟು ತಿರವೋ ಪಾನಾ ಕೆಳಗ ಇಟ್ಟು, "ಮಾರಿ ಈ ಕಡೆ ಮಾಡಿ ಹೇಳು" ಅಂತಿದ್ದ. ಮಾಲಕಗೂ ಅದ ಮಾತು. ಎಂಥಾ ಸೊಕ್ಕಪಾ ಇವಂದು ಅಂತ, ಶೆಡ್ಡಿಗೆ ಹೊಸದಾಗಿ ಬಂದ ನನಗ ಮೈ ಉರೀತಿತ್ತು.

ಮಗ್ಗದ ಮಂದಿ ಮ್ಯಾಲ ನಾ ಒಂದು ರ‍್ಯಾಪ್ ಹಾಡು ಬರದಿದ್ದೆ. ಕೈಯಾಗ ರೊಕ್ಕ ಇಲ್ಲ. ಗಡಹಿಂಗ್ಲಜದ ಗೆಳೆಯನ ಮೊಬೈಲ್‌ನ್ಯಾಗ, ಆ ಶೆಡ್‌ನ್ಯಾಗನ ವಿಡಿಯೋ ತಗಿಯೂದು ಅಂತ ಆತು. ಜಾಗಾ ನೋಡಾಕ ಬಂದ ಗೆಳೆಯ, ಮಗ್ಗದ ಗದ್ದಲದಾಗ ಚೀರಿದ: "ಆ ಮುದುಕನ್ನ ಮುಂದ ಕುಂಡ್ರಸೂಣು. ಹರಕ ಬನಿಯನ್ ಹಾಕಿಸಿ ಅಳಸೂಣು. ಮಂದಿ ಭಾಳ ನೋಡ್ತಾರ."

"ಹೂಂ, ಅಳಸು. ಅವಗೇನ ತಿಳೀತೈತಿ?" ಅಂತ ನಾನೂ ಚೀರಿದೆ.

ನಾಕು ಮಗ್ಗದ ಆ ಕಡೆ ಇದ್ದ ಕಾಕಾ ಸೀದಾ ಬಂದು ನಮ್ಮ ಮುಂದಿನ ಮಗ್ಗ ಬಂದ್ ಮಾಡಿದ.

"ನಾ ಯಾಕ ಅಳಬೇಕೋ? ಇಲ್ಲಿ ಒಂದೊಂದು ಮಗ್ಗಾನೂ ನನ್ನ ಕೈಮ್ಯಾಲ ಓಡತೈತಿ. ಹರಕ ಬನಿಯನ್ ನೀ ಹಾಕ್ಕೊ!"

ಇಷ್ಟು ಗದ್ದಲದಾಗ ಇವಗ ಹೆಂಗ ಕೇಳಿಸ್ತು ಅಂತ ಗೆಳೆಯ ಬಾಯಿ ಬಿಟ್ಟ. ಬಾಜೂ ಮಗ್ಗದ ಅಕ್ಕ ಅಂದ್ಲು, "ಕಾಕಾಗ ಕಿವಿ ಹೋಗಿ ಎಷ್ಟೋ ವರ್ಷ ಆತು. ಇಲ್ಲಿ ನಾವೆಲ್ಲಾ ತುಟಿ ನೋಡೇ ಮಾತಾಡೂದು."

ನನಗ ಸಿಟ್ಟು ನೆತ್ತಿಗೇರಿತು. ಗೆಳೆಯನ ಮ್ಯಾಲ ಹಾಯಬೇಕಂದ್ರ, ಅಳಸು ಅಂದಂವ ನಾನ. ಮಗ್ಗದ ಮಂದಿ ಮ್ಯಾಲ ಹಾಡು ಬರದ ಶಾಣ್ಯಾನೂ ನಾನ.

"ತಪ್ಪಾತ್ರಿ ಕಾಕಾ" ಅಂದೆ, ನೆಲಾ ನೋಡಕೋತ.

ಕಾಕಾ ಪಾನಾ ಕೆಳಗ ಇಟ್ಟ.

"ಮಾರಿ ಈ ಕಡೆ ಮಾಡಿ ಹೇಳು."