ಮೈಕ್‌ಸೆಟ್ ಇಂದ್ರಮ್ಮನ ಯುದ್ಧದ ದಿನಗಳು

ಬೆಳಗಿನ ಐದೂವರೆ. ನಜರ್‌ಬಾದಿನ ಛತ್ರವೊಂದರ ಮುಂದೆ ಐವತ್ತಾರರ ಇಂದ್ರಮ್ಮ ಏಣಿ ಹತ್ತಿ ಕಂಬಕ್ಕೆ ಸ್ಪೀಕರ್ ಕಟ್ಟುತ್ತಿದ್ದಾರೆ. ಸೆರಗು ಸೊಂಟದಲ್ಲಿ, ಟೇಪಿನ ತುಂಡು ಬಾಯಲ್ಲಿ. ಕೆಳಗಿಳಿದು ಮೈಕ್ ಹಿಡಿದು "ಹಲೋ, ಒನ್, ಟೂ, ತ್ರೀ" ಎನ್ನುತ್ತಾರೆ. ಮೈಕಿನಲ್ಲಿ ಅವರು ಬೇರೇನೂ ಆಡಿದವರಲ್ಲ.

ಬೋಗಾದಿಯ ಒಕ್ಕಲು ಮನೆತನದ ಮಗಳು. ಗಂಡ ರಾಮಯ್ಯ ತೀರಿಕೊಂಡ ಮೇಲೆ, ಮಂಡಿ ಮೊಹಲ್ಲಾದಲ್ಲಿ ಅವರು ಇಟ್ಟಿದ್ದ ಮೈಕ್‌ಸೆಟ್ ಅಂಗಡಿಯನ್ನು ಹತ್ತೊಂಬತ್ತು ವರ್ಷಗಳಿಂದ ನಡೆಸುತ್ತಿದ್ದಾರೆ. ತಿಂಗಳಿಗೆ ಹದಿನೈದು ಕಾರ್ಯಕ್ರಮ ಸಿಕ್ಕರೆ ಹೆಚ್ಚು. ಮದುವೆ, ಗಣಪತಿ, ಚುನಾವಣೆ, ಧರಣಿ.

"ಯಾರ್ ಮಾತಾಡ್ತಾರೆ ಅಂತ ಕೇಳಲ್ಲ ಕಣಪ್ಪ. ಎಷ್ಟು ಜನ ಕೂರ್ತಾರೆ ಅಂತ ಕೇಳ್ತೀನಿ."

ಗಡಿಯಲ್ಲಿ ಯುದ್ಧ ನಡೆಯುತ್ತಿದ್ದಾಗ ಈ ರೂಢಿಯೇ ಅವರಿಗೆ ಮುಳುವಾಯಿತು. ಯುದ್ಧ ಬೇಡವೆಂದು ಕರಪತ್ರ ಹಂಚಿದ ಮೂವರು ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿದಿದ್ದರು. ಅವರನ್ನು ಬಿಡಿ ಎಂದು ನಾಗರಿಕ ಹಕ್ಕುಗಳ ಹೋರಾಟಗಾರರು ಒಂದು ಸಂಜೆ ಇಂದ್ರಮ್ಮನ ಮೈಕ್ ಹಾಕಿಸಿ ಸಭೆ ಸೇರಿದರು. ವಕೀಲೆ ವಾಣಿ ಮಾತಾಡುತ್ತಿದ್ದಾಗ ರಾಜಕೀಯ ಮುಖಂಡ ಕೃಷ್ಣಸ್ವಾಮಿಯವರ ಕಡೆಯವನೊಬ್ಬ ಬಂದು ಇಂದ್ರಮ್ಮನ ಪಕ್ಕ ಕೂತ.

"ವೈರ್ ಕಿತ್ಬುಡಕ್ಕ. ಸಾಹೇಬ್ರು ಹೇಳವ್ರೆ."

"ಸಭೆ ಮುಗಿಯೋಗಂಟ ಬಾಡಿಗೆಗೆ ಕೊಟ್ಟಿದೀನಿ. ಮಧ್ಯದಲ್ಲಿ ಕೀಳಕ್ಕಾಗಲ್ಲ," ಎಂದರು ಇಂದ್ರಮ್ಮ.

ಮರುದಿನ ಬೆಳಿಗ್ಗೆ ಸೈನಿಕರ ಬೆಂಬಲಕ್ಕೆ ಕೃಷ್ಣಸ್ವಾಮಿಯವರ ಸಭೆ. ಮೊದಲೇ ಗೊತ್ತುಮಾಡಿದ್ದ ಕೆಲಸ, ಇಂದ್ರಮ್ಮನದೇ ಮೈಕು. ಹದಿನೈದು ವರ್ಷ ಇವರನ್ನು ಅಕ್ಕ ಎಂದೇ ಕರೆದ ಮನುಷ್ಯ ಭಾಷಣದ ನಡುವೆ ಕೈ ಚಾಚಿ ತೋರಿಸಿದರು.

"ದೇಶದ್ರೋಹಿಗಳಿಗೆ ಮೈಕ್ ಕೊಟ್ಟೋರೂ ದೇಶದ್ರೋಹಿಗಳೇ. ಅಗೋ, ಅಲ್ಲೇ ಕೂತವ್ರೆ."

ಸಭೆಗೆ ಸಭೆಯೇ ತಿರುಗಿತು. ಬೇರೆ ಯಾರನ್ನೋ ತೋರಿಸುತ್ತಿದ್ದಾರೆಂದು ಇಂದ್ರಮ್ಮನೂ ಹಿಂದೆ ತಿರುಗಿ ನೋಡಿದರು. ಹಿಂದೆ ಇದ್ದದ್ದು ಗೋಡೆ.

"ವಾಲ್ಯೂಮ್ ಮೇಲೇ ನನ್ನ ಬೆರಳಿತ್ತು."

ಸಂಜೆಯೊಳಗೆ ಪೊಲೀಸರು ಸೆಟ್ಟನ್ನೆಲ್ಲ ಜಪ್ತಿ ಮಾಡಿದರು. ಹಿಂದಿನ ಸಂಜೆಯ ಸಭೆಯ ಮೇಲಿನ ದೂರಿನಲ್ಲಿ ಐದನೆಯ ಹೆಸರು ಇವರದು: ಪ್ರಚೋದನಕಾರಿ ಭಾಷಣ ಮಾಡಿದ ಆರೋಪ. "ನಾನ್ಯಾವಾಗ ಭಾಷಣ ಮಾಡಿದ್ನಮ್ಮಾ ಅಂತ ವಾಣಿ ಮೇಡಂನೇ ಕೇಳ್ದೆ."

ಮೂರು ಮದುವೆಯವರು ನಿಮ್ಮ ಮೈಕ್ ಬೇಡವೆಂದರು. ಎದುರು ಅಂಗಡಿಯವರು ಮಾತು ಬಿಟ್ಟರು. ನಲವತ್ತೊಂದು ದಿನದ ಮೇಲೆ ವಾಣಿ ನ್ಯಾಯಾಲಯದಿಂದ ಸೆಟ್ ಬಿಡಿಸಿಕೊಟ್ಟರು. ವಿದ್ಯಾರ್ಥಿಗಳಿಗೂ ಜಾಮೀನು ಸಿಕ್ಕಿತು. ಯುದ್ಧ ನಿಂತಿದೆ, ಕೇಸು ಇನ್ನೂ ನಡೆಯುತ್ತಿದೆ. ಕೃಷ್ಣಸ್ವಾಮಿಯವರ ಕಡೆಯಿಂದ ಮತ್ತೆ ಕರೆ ಬಂದಿಲ್ಲ.

ಅವತ್ತು ಕೃಷ್ಣಸ್ವಾಮಿಯವರ ಭಾಷಣದ ದನಿ ತಗ್ಗಿಸಿಬಿಡಬಹುದಿತ್ತಲ್ಲ ಎಂದರೆ ಇಂದ್ರಮ್ಮ ಇಲ್ಲವೆಂದು ತಲೆಯಾಡಿಸುತ್ತಾರೆ.

"ಹಿಂದಿನ್ ದಿನ ಕೀಳಲ್ಲ ಅಂದೋಳು, ಅವ್ರದ್ದು ಎಂಗೆ ಕೀಳ್ಲಿ? ನನ್ನ ಬೈದಿದ್ದೂ ಕೊನೇ ಸಾಲ್ನೋರ್ಗೆ ಸರಿಯಾಗಿ ಕೇಳಿಸ್ತು. ಒಂದ್ಸಲನೂ ಗೊರ್ ಅನ್ಲಿಲ್ಲ ಕಣಪ್ಪ, ನನ್ನ ಸೆಟ್ಟು."