ಚಂದಮ್ಮ ಹೇಳುವ ಸಿನಿಮಾ

ಚಂದಮ್ಮನ ಬಗ್ಗೆ ಒಂದು ಒಳ್ಳೆಯ ಮಾತು ಬರೆಯಬೇಕೆಂದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಆದರೂ ಬರೆಯುತ್ತೇನೆ. ನಾನು ಮಾಡಿದ್ದನ್ನು ನಾನೇ ಹೇಳದಿದ್ದರೆ ಊರವರು ಇನ್ನೂ ಕೆಟ್ಟದಾಗಿ ಹೇಳುತ್ತಾರೆ.

ನಮ್ಮ ಊರು ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ ಇದೆ. ಮಳೆಗಾಲದಲ್ಲಿ ನಾವು ಎಂಟು ಜನ ಹೆಂಗಸರು ಸೋಯಾ, ತೊಗರಿ ಹೊಲಗಳಿಗೆ ಕಸ ತೆಗೆಯಲು ಹೋಗುತ್ತೇವೆ. ತಲೆಗೊಂದು ಸಾಲು. ಚಂದಮ್ಮನಿಗೆ ಮಾತ್ರ ಸಾಲಿನ ಕೆಲಸವಿಲ್ಲ. ತಾನು ನೋಡಿ ಬಂದ ಸಿನಿಮಾವನ್ನು ಹೇಳುತ್ತ ಅವಳು ನಮ್ಮ ಜೊತೆ ಜೊತೆಗೆ ನಡೆಯುತ್ತಾಳೆ, ಅವಳ ಪಾಲಿನ ಸಾಲನ್ನು ನಾವು ಏಳು ಜನ ಹಂಚಿಕೊಂಡು ಮುಗಿಸುತ್ತೇವೆ. ಈ ಕಟ್ಟಳೆ ಮಾಡಿದವರು ಯಾರೋ ಗೊತ್ತಿಲ್ಲ, ನನ್ನನ್ನಂತೂ ಕೇಳಲಿಲ್ಲ.

ಅವಳ ಗಂಡ ಮಚ್ಚೇಂದ್ರ ಹುಮನಾಬಾದಿಗೆ ಅಂಟಿಕೊಂಡ ಗುಡಿಯೂರು ಮಾಣಿಕನಗರದಲ್ಲಿ ಆಟೊ ಓಡಿಸುತ್ತಾನೆ. ದೇವರ ದರ್ಶನದ ನೆಪ ಹೇಳಿ ಅವನ ಆಟೊದಲ್ಲಿ ಹೋಗುತ್ತಾಳೆ, ಕೈ ಮುಗಿದಂತೆ ಮಾಡಿ ಹುಮನಾಬಾದಿನ ಟಾಕೀಸಿಗೆ ನುಗ್ಗುತ್ತಾಳೆ. ಅವಳಿಗೆ ಅಕ್ಷರ ಬಾರದು. ಒರಟು ಗಂಟಲು, ಬಾಯಿ ತುಂಬ ಎಲೆ ಅಡಿಕೆ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಅದೇ ಟಾಕೀಸಿನಲ್ಲಿ ಅದೇ ಸಿನಿಮಾ ನಾನೂ ನೋಡುತ್ತೇನೆ. ಹಾಡು ಎಷ್ಟು, ಫೈಟು ಎಷ್ಟು, ಯಾವ ಹಾಡಿಗೆ ಯಾವ ಸೀರೆ, ಎಲ್ಲ ಬಾಯಿಪಾಠ. ಒಮ್ಮೆ ಅವಳಿಗೆ ಜ್ವರ ಬಂದಾಗ ನಾನು ಹೇಳಲು ನಿಂತೆ. ಅರ್ಧ ಸಾಲು ಮುಗಿಯುವಷ್ಟರಲ್ಲಿ ನಮ್ಮೆಲ್ಲರಿಗಿಂತ ಹಿರಿಯಳಾದ ದ್ರೌಪತಿ ಕಾಕು, “ಸುಂದ್ರಾ, ನೀ ಸಾಲ ಹಿಡಿಯವ್ವ, ಸುಮ್ನ ಬಾಯಿ ನೋಯ್ತದ” ಎಂದಳು. ನೋಯುತ್ತಿದ್ದದ್ದು ಅವರ ಕಿವಿ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ.

ಹೋದ ವರ್ಷ ಅಣ್ಣ ತಂಗಿಯ ಸಿನಿಮಾ ಒಂದು ಬಂತು. ಆಸ್ತಿಯ ಮಾತಿಗೆ ಮುನಿದ ಇಬ್ಬರು, ವರ್ಷಗಟ್ಟಲೆ ಮಾತಿಲ್ಲ. ಚಂದಮ್ಮ ಅದರ ಕೊನೆಯನ್ನು ಹೀಗೆ ಹೇಳಿದಳು:

“ಪಂಚಮಿಗೆ ತವರಿಗೆ ಕರಿಯಾಕ ಅಣ್ಣ ಬಂದು ಬಾಗಿಲದಾಗ ನಿಂತಾನ. ಆಕಿ ರೊಟ್ಟಿ ಬಡಿಯಾಕತ್ತಾಳ, ತಿರುಗಿ ನೋಡವಲ್ಲಳು. ಹಂಚಿನ ಮ್ಯಾಲ ರೊಟ್ಟಿ ಹೊತ್ತಾಕತ್ತದ. ಆಂವ ಸುಮ್ನ ಒಳಗ ಬಂದು ಕೈಲೇ ಆ ರೊಟ್ಟಿ ತಿರುವಿ ಹಾಕಿದ. ಕೈ ಸುಟ್ತು. ಆವಾಗ ಆಕಿ ‘ಅಣ್ಣಾ’ ಅಂದ್ಳು.”

ಏಳು ಜನರ ಕೈಯಲ್ಲಿ ಕಸ ಕೀಳುವ ಕುರುಪಿ ನಿಂತುಹೋಯಿತು. ಎಲ್ಲರಿಗಿಂತ ಹೆಚ್ಚು ಅತ್ತವಳು ನಾನು. ಬಸವಕಲ್ಯಾಣದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನ ಅಣ್ಣ ಬಸವಣಪ್ಪ, ತವರಿನ ಹೊಲದ ಪತ್ರಕ್ಕೆ ನಾನು ಸಹಿ ಹಾಕಲಿಲ್ಲವೆಂದು ಆರು ವರ್ಷದಿಂದ ನನ್ನ ಹೊಸ್ತಿಲು ತುಳಿದಿಲ್ಲ.

ಆ ವಾರವೇ ನಾನು ಹುಮನಾಬಾದಿಗೆ ಹೋದೆ. ಮತ್ತೊಮ್ಮೆ ಅಳಬೇಕೆಂದೇ ಹೋದೆ. ನೋಡಿದರೆ ರೊಟ್ಟಿಯೂ ಇಲ್ಲ, ಹಂಚೂ ಇಲ್ಲ. ಪಂಚಮಿಗೆ ಹೊರಟ ಅಣ್ಣ ದಾರಿಯಲ್ಲಿ ಲಾರಿಗೆ ಸಿಕ್ಕು ಸಾಯುತ್ತಾನೆ, ಅಂಗಳಕ್ಕೆ ಹೆಣ ಬರುತ್ತದೆ, ತಂಗಿ ಎದೆ ಬಡಿದುಕೊಳ್ಳುತ್ತಾಳೆ. ನನಗೆ ಒಂದು ಹನಿ ನೀರು ಬರಲಿಲ್ಲ. ಬಂದದ್ದು ಸಂತೋಷ. ಸಿಕ್ಕಿಬಿದ್ದಳು ಎಂಬ ಸಂತೋಷ.

ನನ್ನ ಬಾಯಿಮಾತನ್ನು ಯಾರೂ ನಂಬುವುದಿಲ್ಲವೆಂದು ಸಾಕ್ಷಿಗಾಗಿ ಕಾದೆ. ಈ ವರ್ಷ ಆ ಸಿನಿಮಾ ಮೊಬೈಲಿಗೆ ಬಂತು. ಒಂದು ದಿನ ಮಳೆ ಜೋರಾಗಿ ಹೊಡೆದು ಎಲ್ಲರೂ ಹೊಲದ ಕೊಟ್ಟಿಗೆ ಸೇರಿದಾಗ, ನಾನು ಮೊಬೈಲನ್ನು ಬುತ್ತಿಗಂಟಿಗೆ ಆನಿಸಿಟ್ಟು ಕೊನೆಯ ಭಾಗ ಹಚ್ಚಿದೆ. ಎಲ್ಲರೂ ನೋಡಿದರು. ಯಾರೂ ಅಳಲಿಲ್ಲ.

“ರೊಟ್ಟಿ ಎಲ್ಲದವ್ವಾ?” ಎಂದು ಕೇಳಿದಳು ದ್ರೌಪತಿ ಕಾಕು.

“ಚಂದಮ್ಮಗ ಕೇಳ್ರಿ. ವರ್ಷಾನುಗಟ್ಲೆ ಸುಳ್ಳ ಹೇಳಿ ನಮ್ಮ ಕಡಿಂದ ಸಾಲ ತೆಗಿಸ್ಯಾಳ” ಎಂದೆ ನಾನು.

ಚಂದಮ್ಮ ಜಗಳಕ್ಕೆ ಬರುತ್ತಾಳೆಂದು ಸೆರಗು ಸಿಕ್ಕಿಸಿ ಕೂತಿದ್ದೆ. ಅವಳ ಮುಖ ಸಣ್ಣದಾಯಿತು, ಅಷ್ಟೆ. “ಸಾಯೋದು ನನ್ನ ಕೈಲೆ ನೋಡಾಕ ಆಗಲ್ರಿ ಅಕ್ಕಾ. ಹೆಣ ಬಂತಂದ್ರ ಮಾರಿ ಮ್ಯಾಲ ಸೆರಗ ಹಾಕ್ಕೋತೀನಿ. ಸೆರಗಿನಾಗ ನನಗ ಏನ ಕಾಣ್ತದ, ಅದನ್ನೇ ಹೇಳ್ತಿದ್ದೆ. ಖರೇ ಸಿನಿಮಾನೂ ಹಂಗೇ ಮುಗೀತಿರಬೇಕು ಅಂದ್ಕೊಂಡಿದ್ದೆ.”

ಮರುದಿನ ಅವಳು ಎಲ್ಲರಿಗಿಂತ ಮೊದಲು ಬಂದು ಒಂದು ಸಾಲು ಹಿಡಿದಳು. ತಲೆ ಎತ್ತದೆ ಕೆಲಸ ಮಾಡಿದಳು. ಹಾಗೆಯೇ ಹದಿನೈದು ದಿನ ಕಳೆದವು. ಅವಳ ಜಾಗ ನನಗೆ ಸಿಗುತ್ತದೆಂಬ ಆಸೆಯಿತ್ತು, ನಾಚಿಕೆ ಬಿಟ್ಟೇ ಹೇಳುತ್ತೇನೆ. ಯಾರೂ ನನ್ನನ್ನು ಕರೆಯಲಿಲ್ಲ. ಹೊಲದಲ್ಲಿ ಕುರುಪಿಯ ಸಪ್ಪಳ ಬಿಟ್ಟರೆ ಮಾತಿಲ್ಲ.

ಪಂಚಮಿ ಹತ್ತಿರ ಬಂತು. ಒಬ್ಬೊಬ್ಬರ ಮನೆಗೂ ಕರೆಯಲು ಅಣ್ಣ ತಮ್ಮಂದಿರು ಬರತೊಡಗಿದರು. ನನ್ನ ಮನೆಗೆ ಯಾರು ಬರಬೇಕು? ಹಬ್ಬದ ಹಿಂದಿನ ದಿನ ಹೊಲಕ್ಕೆ ಬಂದವರು ನಾಲ್ಕೇ ಜನ. ನನಗೆ ತಡೆಯಲಾಗಲಿಲ್ಲ. ಆ ಬಾಗಿಲು, ಆ ರೊಟ್ಟಿ, ಸುಟ್ಟ ಆ ಕೈ ನನಗೆ ಬೇಕಾಗಿತ್ತು.

“ಚಂದಮ್ಮಾ, ಅಣ್ಣ ತಂಗೀದು ಹೇಳ. ನಿನ್ನ ಸಾಲ ಪೂರ್ತಿ ನಾ ಒಬ್ಬಾಕೀನೇ ತೆಗೀತೀನಿ” ಎಂದೆ.

ಅವಳಿಗೆ ಖುಷಿಯಾಯಿತು. ಅವಳಲ್ಲಿ ಕುಹಕವೇ ಇಲ್ಲ, ನನಗೆ ಉರಿಯುವುದು ಅದಕ್ಕೇ. “ಹೇಳ್ತೀನ್ರಿ ಅಕ್ಕಾ. ಮೊನ್ನೆ ನಮ್ಮವರ ಮೊಬೈಲಿನಾಗ ಪೂರಾ ನೋಡೀನಿ. ಈ ಸಲ ಕಣ್ಣ ಮುಚ್ಚಿಲ್ಲ” ಎಂದು ಎದ್ದು ನಿಂತಳು.

ಮೊದಲಿನಿಂದ ಹೇಳಿದಳು. ನಾನು ಎರಡು ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು ಬಾಗಿಲಿಗಾಗಿ ಕಾದೆ. ಅಣ್ಣ ಹೊರಟ. ಲಾರಿ ಬಂತು. ಹೆಣವನ್ನು ಅಂಗಳದಲ್ಲಿ ಇಳಿಸಿದರು. ಅದರ ಮೇಲೆ ಹೊದಿಸಿದ ಬಟ್ಟೆಯ ಬಣ್ಣವನ್ನೂ ಬಿಡದೆ ಹೇಳಿ ಮುಗಿಸಿ, ಚಂದಮ್ಮ ನನ್ನ ಕಡೆ ನೋಡಿದಳು.

“ಎಲ್ಲ ಸಿನಿಮಾದಾಗ ಇದ್ದಂಗೇ ಹೇಳೀನಿ. ಏನರ ತಪ್ಪಾತೇನ್ರಿ ಅಕ್ಕಾ?”

ಒಂದೂ ತಪ್ಪಿರಲಿಲ್ಲ.