ಕ್ಲಾಸ್ ಮುಗಿದ ಮೇಲೆ ಯಾವ ಕಡೆ?

ಗೆಳೆಯರೇ, ಹಗಲು ಕೆಲಸ ಮಾಡಿ ಸಂಜೆ ಎಂ.ಎ., ಎಂ.ಎಸ್ಸಿ. ಓದುವ ನಮ್ಮಂಥವರಿಗೆ ಬೇರೆ ವಿಭಾಗದವರ ಪರಿಚಯವಾಗಲಿ ಎಂದು ನಾನು ಮಾಡುತ್ತಿರುವ ವೆಬ್‌ಸೈಟ್ ಇವತ್ತು ಪ್ರಾಣ ಬಿಡುವುದರಲ್ಲಿತ್ತು.

‘ಸಂಶೋಧನಾ ಆಸಕ್ತಿ’ ಎಂಬ ಕಾಲಂ ಅನ್ನು ಒಬ್ಬರೂ ತುಂಬಿರಲಿಲ್ಲ. ನಾನು ಸುಮ್ಮನೆ ಕೊನೆಯಲ್ಲಿ ಸೇರಿಸಿದ್ದ ‘ಕ್ಲಾಸ್ ಮುಗಿದ ಮೇಲೆ ಯಾವ ಕಡೆ ಹೋಗ್ತೀರಿ?’ ಎಂಬುದನ್ನು ಮಾತ್ರ ಎಲ್ಲರೂ ತುಂಬಿದ್ದರು. ಭೌತಶಾಸ್ತ್ರದ ಹುಡುಗಿ, ಕನ್ನಡ ವಿಭಾಗದ ಹುಡುಗ ಆಗಲೇ ಒಂದೇ ಆಟೋದಲ್ಲಿ ಉತ್ತರಹಳ್ಳಿಗೆ ಹೋಗತೊಡಗಿದ್ದರು.

ಸೈಟಿನ ಉಸ್ತುವಾರಿ ಹೊತ್ತ ಸಮಾಜಶಾಸ್ತ್ರದ ಮೇಷ್ಟ್ರು ಸಂಜೆ ಇದನ್ನು ನೋಡಿ ರೇಗಿದರು.

“ಏನಮ್ಮ ಇದು, ಓದೋರ ಸೈಟೋ, ಬನಶಂಕರಿ ಬಸ್‌ಸ್ಟ್ಯಾಂಡೋ?”

“ಸಾರ್, ಎಲ್ರೂ ಅದಕ್ಕೇ ಬರ್ತಿದಾರೆ.”

“ಆ ಪ್ರಶ್ನೆ ತೆಗಿ. ಇಲ್ಲಾಂದ್ರೆ ಸೈಟೇ ಬೇಡ!” ಎಂದು ಎದ್ದು ಹೋದರು.

ಅರ್ಧ ಗಂಟೆಯಾಗಿರಲಿಲ್ಲ, ಸೈಟಿನಲ್ಲಿ ಹೊಸ ಸದಸ್ಯರೊಬ್ಬರ ಸಂದೇಶ: “ಒಂದೂ ಆಟೋ ನಿಲ್ಲಿಸ್ತಿಲ್ಲ. ಉತ್ತರಹಳ್ಳಿ ಕಡೆ ಹೋಗೋರ ಜೊತೆ ಒಂದು ಸೀಟ್ ಸಿಗುತ್ತಾ?” ಫೋಟೋದಲ್ಲಿ ನಮ್ಮ ಮೇಷ್ಟ್ರು!

ಈಗಷ್ಟೇ ಆ ಆಟೋದಿಂದ ಸೆಲ್ಫಿ ಬಂತು. ಒಂದು ಕಡೆ ಭೌತಶಾಸ್ತ್ರ, ಇನ್ನೊಂದು ಕಡೆ ಕನ್ನಡ, ನಡುವೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬಾಯ್ತುಂಬ ನಗುತ್ತಿರುವ ಸಮಾಜಶಾಸ್ತ್ರ. ಜೊತೆಗೆ ಅವರದೇ ಮೆಸೇಜು: “ಪ್ರಶ್ನೆ ಇರಲಿ ಬಿಡಮ್ಮ.”

ಕುತೂಹಲಕ್ಕೆ ಅವರ ಪ್ರೊಫೈಲ್ ತೆರೆದು ನೋಡಿದೆ. ಸಂಶೋಧನಾ ಆಸಕ್ತಿಯ ಕಾಲಂ ಅವರದೂ ಖಾಲಿ.